ಪಿಸುಮಾತು ಹಿಡಿಯುವ ಡಬ್ಬಿ

ಗದಗ, ಶಾಲಿವಾಹನ ಶಕೆ ೨೧೨೦, ಕಾರ್ತಿಕ ಶುದ್ಧ ಪಂಚಮಿ

ಅಬ್ಬಿಗೇರಿ ಸೌಂಡ್ ಸರ್ವಿಸ್‌ನ ಮಾಲಕರಾದ ಶ್ರೀಮತಿ ನೀಲಗಂಗವ್ವನವರಿಗೆ, ಅವರ ಮರಿಮಗನ ಮೊಮ್ಮಗಳು ದಾಕ್ಷಾಯಿಣಿ ಮಾಡುವ ಶರಣಾರ್ಥಿಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಹರಿದು ಹಾಕಬೇಡಿ. ನಮ್ಮ ಕಾಲದಲ್ಲಿ ಅಂಚೆ ಹಿಂದಕ್ಕೂ ಹೋಗುತ್ತದೆ. ಅದು ಹೇಗೆ ಹೋಗುತ್ತದೆ ಎಂಬುದು ನನಗೂ ಸರಿಯಾಗಿ ತಿಳಿಯದು. ನಿಮಗೆ ತಲುಪಿದರೆ ಸಾಕು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು, ಮನ್ನಿಸಿ. ಈ ಕಾಗದ ಓದುವಾಗ ನಿಮ್ಮ ವಯಸ್ಸು ನನಗಿಂತ ಕಡಿಮೆಯೇ ಇರುತ್ತದೆ. ಆದರೂ ಅಜ್ಜಿಯನ್ನು ಕರೆದಂತೆ ನಿಮ್ಮನ್ನು ಆಯಿ ಎಂದೇ ಕರೆಯುತ್ತೇನೆ, ಬೇರೆ ಮಾತು ಬಾಯಿಗೆ ಬರುವುದಿಲ್ಲ. ಇದನ್ನು ಪೆನ್ಸಿಲ್ ಹಿಡಿದು ಬರೆಯುತ್ತಿರುವುದಕ್ಕೂ ಕಾರಣವಿದೆ. ನಾನು ಕೂತಿರುವ ಈ ಮನೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಓದಲು ಬರುವುದಿಲ್ಲ.

ಇದು ನನ್ನ ತಮ್ಮ ತೋಂಟೇಶನ ಮನೆ. ನಿಮ್ಮ ಕಾಲದಲ್ಲಿ ನೀವೇ ವೈರ್ ಎಳೆಸಿದ ಬಡಾವಣೆಯಲ್ಲೇ ಇದೆ. ಗೋಡೆಗಳು ಎಷ್ಟೋ ಸಲ ಬದಲಾಗಿವೆ, ಆದರೆ ಒಳಗಿನ ವ್ಯವಸ್ಥೆ ನೀವು ಆರಿಸಿದ ಮಾಲಿನ ಸಂತಾನವೇ. ನಾವು ಅದನ್ನು ಮನೆದನಿ ಎನ್ನುತ್ತೇವೆ. ಬಾಗಿಲು, ನೀರು, ಒಲೆ, ದೀಪ, ಗಾಳಿ, ಹಾಡು ಎಲ್ಲವೂ ಅದರ ಕೈಯಲ್ಲಿವೆ. ಅದನ್ನು ಬಂದ್ ಮಾಡಿದರೆ ಇವೆಲ್ಲವೂ ಒಟ್ಟಿಗೇ ನಿಲ್ಲುತ್ತವೆ, ಹೀಗಾಗಿ ಯಾರೂ ಬಂದ್ ಮಾಡುವುದಿಲ್ಲ. ಗೋಡೆಯ ಮೇಲೆ ಒಂದೇ ಒಂದು ಸ್ವಿಚ್ಚಿಲ್ಲ. ಮನೆದನಿಗೆ ಮೌನ ಎಂದರೆ ರಿಪೇರಿ ಮಾಡಬೇಕಾದ ದೋಷ. ಮಾತು ನಿಂತ ಕೂಡಲೇ ಅದು ತುಂಬುಸದ್ದು ಹಾಕುತ್ತದೆ. ಅಂದರೆ ಖಾಲಿ ಜಾಗ ತುಂಬಲು ಕೊಳಲು, ಜುಳುಜುಳು ನೀರು, ಯಾವುದೋ ಹೆಂಗಸಿನ ಸಕ್ಕರೆ ಹಾಕಿದಂಥ ನಗು. ನಮ್ಮ ಅಪ್ಪ ತೀರಿಕೊಂಡ ದಿನ ಅತ್ತು ಅತ್ತು ಸುಸ್ತಾಗಿ ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು. ತಕ್ಷಣ ನಾಲ್ಕೂ ಗೋಡೆಗಳಿಂದ ಕೊಳಲು ಶುರುವಾಯಿತು. ಹೆಣದ ಮುಂದೆ ಕೂತು ನಾವು ಆ ಕೊಳಲು ಕೇಳಿದೆವು.

ಇನ್ನು ಕುಕ್ಕರಿನ ಸೀಟಿ. ಅದು ಮನೆದನಿಗೆ ಕಿರಿಕಿರಿಯ ಸದ್ದಂತೆ, ಅದಕ್ಕೆ ಎದುರು ಸದ್ದು ಬಿಟ್ಟು ಸೀಟಿಯನ್ನು ನುಂಗಿಬಿಡುತ್ತದೆ. ಬೇಳೆ ಬೆಂದಿತೋ ಸೀದಿತೋ ತಿಳಿಯುವುದು ವಾಸನೆಯಿಂದಲೇ. ಗಂಡ ಹೆಂಡತಿ ದನಿ ಏರಿಸಿದರೆ ದೀಪ ಮಂದವಾಗಿ, ಪಕ್ಕದ ಗೋಡೆ ಉಸಿರಾಟದ ವ್ಯಾಯಾಮ ಹೇಳಿಕೊಡುತ್ತದೆ. ಅದಕ್ಕೇ ನಮ್ಮ ವಾರ್ಡಿಗೊಂದು ಕಿವುಡುಕೋಣೆ ಇದೆ. ಅಲ್ಲಿ ಮನೆದನಿ ಇಲ್ಲ, ಸುಣ್ಣ ಬಳಿದ ಗೋಡೆ ಮತ್ತು ಬೆಂಚು ಮಾತ್ರ. ಅದರ ಬಾಗಿಲು ಕಾಯುವುದೇ ನನ್ನ ನೌಕರಿ. ಜಗಳವಾಡುವವರು, ಮದುವೆ ಮಾತಾಡುವವರು, ಸುಮ್ಮನೆ ಅಳುವವರು, ಎಲ್ಲರೂ ಸಾಲು ಹಚ್ಚುತ್ತಾರೆ. ಒಬ್ಬ ಮುದುಕ ಮತ್ತು ಅವನ ಹೆಂಡತಿ ಪ್ರತಿ ಸೋಮವಾರ ಬಂದು, ಎಲೆ ಅಡಿಕೆ ಮೆಲ್ಲುತ್ತ ಒಂದು ಮಾತನ್ನೂ ಆಡದೆ ಕೂತು ಹೋಗುತ್ತಾರೆ. ಸ್ವಂತ ಮನೆಯಲ್ಲಿ ಸುಮ್ಮನಿರಲಾಗದೆ ಸರದಿಯಲ್ಲಿ ನಿಲ್ಲುವ ಜನರನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಇದಕ್ಕೆಲ್ಲ ಮೂಲ ನಿಮ್ಮ ಅಂಗಡಿಯಲ್ಲಿ ನಡೆದ ಒಂದು ಮಧ್ಯಾಹ್ನದ ಪರೀಕ್ಷೆ. ನಮ್ಮ ಮನೆತನದಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತ ಬಂದಿದ್ದಾರೆ. ಮದುವೆ, ಜಾತ್ರೆ, ಭಾಷಣಗಳಿಗೆ ಮೈಕ್ ಬಾಡಿಗೆ ಕೊಡುತ್ತಿದ್ದ ನೀವು, ಮನೆಗಳಿಗೆ ಆಟೊಮೇಷನ್ ಹಾಕುವ ಧಂದೆಗೆ ಇಳಿದಿರಿ. ಹೊಸ ಬಡಾವಣೆಗೆ ಯಾವ ಕಂಪನಿಯ ಮಾಲು ಹಾಕಬೇಕೆಂದು ತೀರ್ಮಾನಿಸಲು ಎರಡು ಡಬ್ಬಿ ತರಿಸಿದಿರಿ. ಮೊದಲನೆಯದು ಬೂದು ಬಣ್ಣದ್ದು. ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ಗುಂಡಿ ತಿರುವಿದರೆ ಸ್ಪೀಕರ್ ಹಾಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಅದಕ್ಕೆ ಕಿವಿಯೇ ಇಲ್ಲ. ಎರಡನೆಯದು ಬಿಳಿ ಬಣ್ಣದ್ದು, ಮಾತು ಕೇಳುವಂಥದ್ದು. ನೀವು ಮೈಕಿನವರು. ಮದುವೆ ಹಂದರದ ಮೂಲೆಯಲ್ಲಿ ನಿಂತು ಹಾಡುವ ಮುದುಕಿಯ ದನಿಯನ್ನೂ ಹಿಡಿಯುವ ಮೈಕೇ ಒಳ್ಳೆಯ ಮೈಕು ಎಂಬುದು ನಿಮ್ಮ ಕಸುಬಿನ ಪಾಠ. ಆ ಪಾಠವನ್ನು ನೀವು ಹಂದರದಿಂದ ನೇರವಾಗಿ ಅಡುಗೆಮನೆಗೆ ತಂದಿರಿ. ಅಂಗಡಿಯ ಹಿಂದಿನ ಅಡುಗೆಮನೆಯೊಳಗೆ ಹೋಗಿ, ಚಟ್ನಿ ರುಬ್ಬುವ ಮಿಕ್ಸರ್ ಹಚ್ಚಿ, ಅದರ ಹಿಂದೆ ನಿಂತು, ಲೈಟ್ ಹಚ್ಚು ಎಂದು ಪಿಸುಗುಟ್ಟಿದಿರಂತೆ. ಹೊರಗೆ ಅಂಗಡಿಯಲ್ಲಿ ದೀಪ ಹತ್ತಿತಂತೆ. ನೀವು ಓಡಿ ಬಂದು, "ಏ, ಪಿಸುಮಾತ್ ಸೈತ ಹಿಡಿತೈತಿ ನೋಡ್ರಲೇ! ಇದ ನಮ್ಮ ಮಾಲು!" ಎಂದು ಕುಣಿದಾಡಿದಿರಂತೆ.

ಹಬ್ಬದೂಟಕ್ಕೆ ಕೂತಾಗ ಈ ಕತೆ ಹೇಳಿ ನಮ್ಮವರು ಇವತ್ತಿಗೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆಯಿ, ಹಂದರದಲ್ಲಿ ಜನ ಮಾತಾಡುವುದು ಊರಿಗೆಲ್ಲ ಕೇಳಲಿ ಎಂದು. ಮನೆಯಲ್ಲಿ ಪಿಸುಗುಟ್ಟುವುದು ಯಾರಿಗೂ ಕೇಳದಿರಲಿ ಎಂದು. ಇಷ್ಟು ಸಣ್ಣ ವ್ಯತ್ಯಾಸ ನಿಮ್ಮ ತಲೆಗೆ ಹೊಳೆಯಲಿಲ್ಲವೇ? ಅಡುಗೆಮನೆಯಲ್ಲಿ ನಿಂತು ನೀವು ಯಾರ ಕಿವಿಯಲ್ಲೂ ಏನನ್ನೂ ಹೇಳಿರಲಿಲ್ಲವೇ?

ನನ್ನ ಸಂಕಟಕ್ಕೆ ಬರುತ್ತೇನೆ. ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು ನಿಮಗೆ ಗೊತ್ತಿರುವುದೇ. ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ಅವಳು ನಗುತ್ತ ಬಾಗಿ ಹೆಸರು ಊದುತ್ತಾಳೆ. ಅಷ್ಟು ಸದ್ದಿನ ನಡುವೆ ಆ ಹೆಸರು ಅವಳಿಗೆ ಮತ್ತು ಮಗುವಿಗೆ ಮಾತ್ರ ಕೇಳಬೇಕು. ಈ ಒಂದು ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ತೋಂಟೇಶನ ಮೊದಲ ಮಗನ ಸಲ ನಾನೇ ಬಾಗಿದೆ. ಬೆನ್ನಿಗೆ ಗುದ್ದು ಬಿತ್ತು, ಕುರ್ರ್ ಎಂದೆ, ಹೆಸರಿಗಾಗಿ ಉಸಿರೆಳೆದುಕೊಂಡೆ. ಅಷ್ಟರಲ್ಲಿ ತೊಟ್ಟಿಲ ಪಕ್ಕದ ಗೋಡೆ, "ಕುರ್ರ್, ಮುರಿಗೇಶ! ಅಭಿನಂದನೆಗಳು!" ಎಂದು ಸಕ್ಕರೆ ದನಿಯಲ್ಲಿ ಕೂಗಿತು. ವಾರದಿಂದ ನಾವು ಅಡುಗೆಮನೆಯಲ್ಲಿ ಗುಸುಗುಸು ಮಾತಾಡಿದ್ದನ್ನೆಲ್ಲ ಅದು ಕೇಳಿಸಿಕೊಂಡಿತ್ತು. ಮಗು ಬೆಚ್ಚಿ ಗೋಡೆಯ ಕಡೆ ತಿರುಗಿ ನಕ್ಕಿತು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಆಮೇಲೆ ಹೆಸರು ಹೇಳಿದೆ, ಅದನ್ನು ಯಾರೂ ಕೇಳಲಿಲ್ಲ, ಮಗುವೂ ಕೇಳಲಿಲ್ಲ.

ಈಗ ಮುರಿಗೇಶ ಶಾಲೆಗೆ ಹೋಗುತ್ತಾನೆ. ಬೆಳಿಗ್ಗೆ ಅವನನ್ನು ಎಬ್ಬಿಸುವುದು, ಕತೆ ಹೇಳುವುದು, ಬಿದ್ದರೆ ಸಮಾಧಾನ ಮಾಡುವುದು ಆ ಗೋಡೆಯೇ. ಮೊನ್ನೆ ನಾನು ಬಂದಾಗ ಅವನಿಗೆ ಶೇಂಗಾ ಉಂಡೆ ತಂದಿದ್ದೆ. "ಬಾರೋ, ನಿನ್ನತ್ತಿ ಬಂದೇನಿ" ಎಂದೆ. ಅವನು ಉಂಡೆ ಇಸಿದುಕೊಂಡು, "ನೀ ಅತ್ತಿ ಅಲ್ಲ. ಅತ್ತಿ ಅಲ್ಲಿ ಅದಾಳ" ಎಂದು ಗೋಡೆಗೆ ಬೆರಳು ತೋರಿಸಿದ. ಗೋಡೆ ಅವನನ್ನು ತಿದ್ದಲಿಲ್ಲ. ನನ್ನ ಪ್ರಯಾಣ ಸುಖಕರವಾಗಿತ್ತೇ ಎಂದು ನನ್ನನ್ನೇ ವಿಚಾರಿಸಿತು. ಮದುವೆಯಾಗದ ನನಗೆ ಅತ್ತೆ ಎನ್ನಿಸಿಕೊಳ್ಳುವುದೊಂದೇ ಆಸೆಯಿತ್ತು, ಅದನ್ನೂ ನಿಮ್ಮ ಡಬ್ಬಿ ಕಿತ್ತುಕೊಂಡಿತು. ಅವತ್ತು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಅಲ್ಲೂ ಕೊಳಲು ಶುರುವಾಯಿತು.

ನಾಳೆ ತೋಂಟೇಶನ ಮಗಳ ತೊಟ್ಟಿಲ ಕಾರ್ಯ. ಕೂಸನ್ನು ಎತ್ತಿಕೊಂಡು ನನ್ನ ಕಿವುಡುಕೋಣೆಗೆ ಹೋಗಿ ಹೆಸರು ಹೇಳಿ ಬರೋಣವೆಂದರೆ, ಈ ಮನೆಯ ಬಾಗಿಲು ಹೆಸರಿಲ್ಲದವರಿಗೆ ತೆರೆಯುವುದಿಲ್ಲ. ಕೂಸಿಗೆ ಇನ್ನೂ ಹೆಸರಿಲ್ಲ. ತೋಂಟೇಶನಿಗೆ ಹೇಳಿದರೆ, "ಅಕ್ಕಾ, ಯಾರ ಹೇಳಿದರೇನ ಹೆಸರು ಹೆಸರ ಅಲ್ಲೇನ?" ಎನ್ನುತ್ತಾನೆ. ಅವನಿಗೆ ಗೋಡೆಯ ಮೇಲೆ ಅಸಹ್ಯವಿಲ್ಲ, ಆ ವಾಸನೆಯಲ್ಲೇ ಬೆಳೆದವನಿಗೆ ಮೂಗು ಸತ್ತಿದೆ. ನನ್ನ ಮೂಗು ಇನ್ನೂ ಸತ್ತಿಲ್ಲ, ಅದೇ ನನ್ನ ಕರ್ಮ.

ಆದ್ದರಿಂದ, ಈ ಕಾಗದ ಆ ಪರೀಕ್ಷೆಗೆ ಮೊದಲೇ ನಿಮ್ಮ ಕೈ ಸೇರುತ್ತದೆಂದು ನಂಬಿ ನಿಮ್ಮಲ್ಲಿ ಕೇಳುತ್ತೇನೆ. ಬೂದು ಡಬ್ಬಿಯನ್ನು ಆರಿಸಿಕೊಳ್ಳಿ. ಅದು ಚೆಂದವಿಲ್ಲ, ಗಿರಾಕಿಗಳು ಮೂಗು ಮುರಿಯುತ್ತಾರೆ, ಅವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಮನೆಗೆ ಹಾಕುವ ಸ್ಪೀಕರ್ ಹಾಡಲಿ, ಕೇಳಿಸಿಕೊಳ್ಳುವುದು ಬೇಡ. ದೀಪ ಹಚ್ಚಲು ಮನುಷ್ಯರಿಗೆ ಬೆರಳಿದೆ. ಬಿಳಿ ಡಬ್ಬಿಯನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿ. ಮಿಕ್ಸರ್ ಹಚ್ಚಿ ಪರೀಕ್ಷೆ ಮಾಡಲೂ ಹೋಗಬೇಡಿ, ಮಾಡಿದರೆ ನೀವು ಮರುಳಾಗುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತಿದೆ, ನನ್ನದೂ ಅದೇ.

ಒಂದು ವಿಷಯ ಹೇಳಿರಲಿಲ್ಲ. ಕೂಸಿಗೆ ನಿಮ್ಮ ಹೆಸರಿಡಬೇಕೆಂದು ಮನೆಯವರೆಲ್ಲ ಮಾತಾಡಿ ಒಪ್ಪಿದ್ದಾರೆ. ಗೋಡೆಗೂ ಅದು ಗೊತ್ತು. ಆದರೆ ಯಾರು ಏನೇ ಒಪ್ಪಲಿ, ಸೋದರತ್ತೆ ಕಿವಿಯಲ್ಲಿ ಹೇಳಿದ್ದೇ ಹೆಸರು, ಹಿರಿಯರು ನನಗೆ ಬಿಟ್ಟುಕೊಟ್ಟ ಹಕ್ಕು ಅದೊಂದೇ. ನಾಳೆ ನಾನು ಬಾಗಿ ಕುರ್ರ್ ಎಂದಾಗ ಗೋಡೆ ತೆಪ್ಪಗಿದ್ದರೆ, ನೀವು ನನ್ನ ಮಾತು ನಡೆಸಿಕೊಟ್ಟಿರೆಂದು ತಿಳಿದು ಕೂಸಿಗೆ ನೀಲಗಂಗಾ ಎಂದು ಪ್ರೀತಿಯಿಂದ ಹೇಳುತ್ತೇನೆ. ಗೋಡೆ ಬಾಯಿ ಬಿಟ್ಟರೆ, ಅದು ನಿಮ್ಮ ಹೆಸರನ್ನು ಕೂಗುತ್ತಿರುವಾಗಲೇ ಕೂಸಿನ ಕಿವಿಗೆ ಬೇರೆ ಹೆಸರು ಊದುತ್ತೇನೆ. ಅದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಅಂದಿಲ್ಲ, ಈ ಕಾಗದದಲ್ಲೂ ಬರೆಯುವುದಿಲ್ಲ. ನಿಮ್ಮ ಹೆಸರು ಆ ಗೋಡೆಯ ಬಾಯಲ್ಲೇ ಇರಲಿ.