ಚಸ್ಮಾ ಮೇಲೆ ಕೂಡುವ ಹೆಲ್ಮೆಟ್

ತಿಳವಳ್ಳಿ
೧೮ ಜನವರಿ ೨೦೨೫

ಮೊಮ್ಮಗಳು ಸುಧಾರಾಣಿಗೆ ಅಜ್ಜಿಯ ಆಶೀರ್ವಾದ.

ನಾನು ಈ ಮನೆಯ ಹಿರಿಯಳು. ಹಾನಗಲ್ಲಿನಲ್ಲಿ ಹೈಸ್ಕೂಲು ಮುಗಿಸಿದವಳು. ಹನ್ನೊಂದು ಜನ ಉಣ್ಣುವ ಮನೆಯಲ್ಲಿ ಬಿತ್ತನೆಯಿಂದ ಮದುವೆಯವರೆಗೆ ನಾನು ಹೇಳಿದ್ದೇ ನಡೆದಿದೆ. ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಹೋದ ರವಿವಾರ ನಿನ್ನ ಕಾಕಾ ಲೋಹಿತನಿಗೆ ನೀನು ಫೋನ್ ಮಾಡಿದಾಗ ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಅವನು ಸ್ಪೀಕರ್ ಹಾಕಿದ್ದ. ಉತ್ತರಾಖಂಡದ ಔಲಿಯ ಹಿಮದಲ್ಲಿ ಸ್ಕೀಯಿಂಗ್ ಕಲಿಯುವಾಗ ಗುರುತಿನ ಬಾವುಟ ಕಾಣದೆ ಬಿದ್ದು ಭುಜ ಬಾತಿದೆ ಎಂದೆ ನೀನು. "ಇಲ್ಲಿ ಕೊಟ್ಟ ಗಾಗಲ್ ಚಸ್ಮಾ ಮ್ಯಾಲೆ ಕೂಡಂಗಿಲ್ಲ ಕಾಕಾ. ಗ್ಲಾಸ್ ಕೂಡಿಸಿದ ಹೆಲ್ಮೆಟ್ ಆದ್ರ ಕೂಡತೈತಿ. ಆದ್ರ ಫೋಟೋದಾಗ ಚಸ್ಮಾ ಕಾಣತೈತಿ, ಸವಣೂರಿನ ಬೀಗರು ನೋಡ್ತಾರ. ಅಜ್ಜಿ ನನ್ನ ಬಿಡಂಗಿಲ್ಲ" ಎಂದೆ. ಫೆಬ್ರವರಿ ಒಂದಕ್ಕೆ ದೊಡ್ಡ ಇಳಿಜಾರಿಗೆ ಬಿಡುತ್ತಾರೆ ಎಂದೂ ಹೇಳಿದೆ.

ಮೊರ ನನ್ನ ಕೈಯಿಂದ ಜಾರಿತು. ಎಲ್ಲರೂ ವಯಸ್ಸಾಯಿತು ಎಂದುಕೊಂಡರು. ನಾನು ಚೆಲ್ಲಿದ ಜೋಳ ಬಳಿದುಕೊಂಡೆ.

ಮರುದಿನ ಮಧ್ಯಾಹ್ನ ನನ್ನ ಚಸ್ಮಾ ತೆಗೆದಿಟ್ಟು ಪಡಸಾಲೆಯಿಂದ ಹಿತ್ತಲಿಗೆ ನಡೆದೆ. ನನ್ನದು ಬರೀ ಎರಡು ನಂಬರು, ನಿನ್ನದು ಐದು. ಐವತ್ತು ವರ್ಷ ತುಳಿದ ಹೊಸ್ತಿಲು, ಅಲ್ಲಿಯೇ ಕಾಲು ತಡೆದು ನಿಂತುಬಿಟ್ಟೆ. ಎಲ್ಲ ಕಡೆ ಬಿಳಿಯೇ ಇರುವ ಜಾಗದಲ್ಲಿ, ಕಾಲಿಗೆ ಹಲಗೆ ಕಟ್ಟಿಕೊಂಡು, ಬಸ್ಸಿನ ವೇಗದಲ್ಲಿ ನೀನು ಇಳಿಯುತ್ತಿದ್ದೀ. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ.

ಇದು ನಾನು ಮಾಡಿದ್ದು. ಸವಣೂರಿನ ಸಂಜಯನ ಮನೆಯವರು ಕನ್ಯಾ ನೋಡಲು ಬಂದ ದಿನ ನಿನ್ನ ಚಸ್ಮಾ ಕಸಿದು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೀನು ಚಹಾದ ತಾಟು ಹಿಡಿದು ಒಂದೊಂದೇ ಹೆಜ್ಜೆ ಇಟ್ಟೆ. "ಏನ್ ಸಾವಕಾಶ ನಡೀತಾಳ್ರಿ, ಈಗಿನ ಹುಡುಗ್ಯಾರೊಳಗ ಇಂಥ ನಯ ಎಲ್ಲೈತಿ" ಎಂದರು ಅವನ ತಾಯಿ. ದಾರಿ ಕಾಣದ್ದನ್ನು ಅವರು ನಯವೆಂದರು, ನಾನು ಹೌದೆಂದೆ. ಮದುವೆಯವರೆಗೆ ಒಂದು ಫೋಟೋದಲ್ಲೂ ಚಸ್ಮಾ ಇರಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಕಣ್ಣೊಳಗೆ ಇಡುವ ಲೆನ್ಸ್ ನಿನಗೆ ಒಗ್ಗದೆ ಕಣ್ಣು ಕೆಂಪಾದಾಗಲೂ ಬಗ್ಗಲಿಲ್ಲ.

ಬುಧವಾರ ಲೋಹಿತನನ್ನು ಕರೆದುಕೊಂಡು ಹಾನಗಲ್ಲಿಗೆ ಹೋಗಿ, ಬೈಕಿನ ಹೆಲ್ಮೆಟ್ ಮಾರುವ ಅಕೀಬನ ಅಂಗಡಿಯಲ್ಲಿ ಕುಳಿತೆ. ಹಿಮದ್ದು ಅವನಲ್ಲಿಲ್ಲ, ಆದರೆ ಚಸ್ಮಾ ಹಾಕುವ ತಲೆ ಎಲ್ಲಾ ಕಡೆ ಒಂದೇ. ನನ್ನ ಚಸ್ಮಾ ಮೇಲೆಯೇ ಏಳು ಹೆಲ್ಮೆಟ್ ಹಾಕಿ ನೋಡಿದೆ. "ಅಮ್ಮಾರ, ಗಾಡಿ ಯಾವುದು ತಗೊಂಡ್ರಿ?" ಎಂದ. "ನಿನ್ನ ಅಂಗಡಿ ಮ್ಯಾಲೆ ಹಾಯಿಸಾಕ ಲಾರಿ ತಗೊಂಡೇನಿ, ಸುಮ್ನ ಇನ್ನೊಂದು ಕೊಡು" ಎಂದೆ. ನಕ್ಕ. ಆಮೇಲೆ ಲೋಹಿತನ ಮೊಬೈಲಿನಲ್ಲಿ ನೀನು ಕಳಿಸಿದ ಹಿಮದ ಹೆಲ್ಮೆಟ್ಟಿನ ಚಿತ್ರಗಳನ್ನು ನೋಡಿ ಸರಿಯಾಗಿಯೇ ಹೇಳಿದ: "ಗ್ಲಾಸಿಗೂ ಚಸ್ಮಾಕ್ಕೂ ನಡುವ ಜಾಗ ಬೇಕ್ರಿ. ಮ್ಯಾಲೆ ಗಾಳಿ ಆಡೂ ತೂತ ಬೇಕು, ಇಲ್ಲಂದ್ರ ಉಸಿರಿಗೆ ಮಬ್ಬು ಹಿಡಿತೈತಿ. ಚಸ್ಮಾದ ಕಡ್ಡಿ ಕಿವಿ ಮ್ಯಾಲೆ ಒತ್ತಬಾರದು."

ಹಾಗಿರುವುದನ್ನೇ ಲೋಹಿತನ ಮೊಬೈಲಿನಲ್ಲಿ ಹುಡುಕಿಸಿ ಆರಿಸಿದ್ದೇನೆ. ಗ್ಲಾಸು ತೀರ ಕಪ್ಪು ಬೇಡವೆಂದೆ, ಮೋಡ ಕವಿದ ದಿನವೂ ಬಾವುಟ ಕಾಣಬೇಕು. ಬಂದ ಕೂಡಲೇ ಹಾಕಿ ತಲೆ ಅಲ್ಲಾಡಿಸಿ ನೋಡು, ಸಡಿಲಿದ್ದರೆ ಬದಲಾಯಿಸು. ತುರುಬು ಕಟ್ಟಬೇಡ, ಹೆಲ್ಮೆಟ್ ಮೇಲೆದ್ದು ಕೂಡುತ್ತದೆ. ಎರಡು ಜಡೆ ಹಾಕಿ ಕೆಳಗೆ ಬಿಡು. ಅದು ಕೈ ಸೇರುವವರೆಗೆ ಇಳಿಜಾರಿಗೆ ಹೋಗಕೂಡದು. ಇದು ಅಪ್ಪಣೆ ಎಂದೇ ತಿಳಿ.

ತಪ್ಪಾಯಿತು, ಸುಧಾ.

ನಿನ್ನ ಅಜ್ಜಿ,
ಸರೋಜವ್ವ

ತಾ.ಕ.: ಫೋಟೋ ನೋಡಿ ಸವಣೂರಿನವರು ಏನಂದಾರು ಎಂದು ಅಂಜಬೇಡ. ನಿನ್ನೆ ನಾನೇ ಅವರ ಮನೆಗೆ ಹೋಗಿ ಐದು ನಂಬರು ಎಂದು ಹೇಳಿದೆ. ಸಂಜಯನ ತಾಯಿ "ಮೊದಲ ಯಾಕ ಹೇಳಲಿಲ್ರಿ? ನಮ್ಮನ್ನ ಏನಂತ ತಿಳಿದೀರಿ?" ಎಂದರು. "ಸುಳ್ಳು ಹೇಳಿದಾಕಿ ನಾನು, ಹುಡುಗಿ ಅಲ್ಲ" ಎಂದೆ. ವಿಚಾರ ಮಾಡಿ ಹೇಳುತ್ತೇವೆ ಎಂದಿದ್ದಾರೆ. ಹೊರಗೆ ಬಂದು, ಅವರ ಕಟ್ಟೆಯ ಮೇಲೆಯೇ ಕುಳಿತು, ಲೋಹಿತನ ಕೈಯಿಂದ ಹೆಲ್ಮೆಟ್ಟಿಗೆ ಆರ್ಡರ್ ಹಾಕಿಸಿದೆ.