ಮಳೆಗೆ ಹೆದರಿ ಮುಚ್ಚಿದ ಕಿಂಡಿ

೧೪ ಮೇ ೧೯೮೭, ಗುರುವಾರ, ರುಸ್ತಾಕ್

ಇವತ್ತೂ ಅನ್ನದಲ್ಲಿ ಸಿಮೆಂಟಿನ ಧೂಳು. ಒಳಗಿನ ಗೋಡೆಗಳ ರಿಪೇರಿ ಮುಗಿಯುವವರೆಗೆ ಹಾಸಿಗೆ ಎಳೆದುಕೊಂಡು ಕೋಣೆಯಿಂದ ಕೋಣೆಗೆ ಓಡಾಟ.

ಗೋಡೆಯ ಮೇಲ್ತುದಿಯ ಕಿಂಡಿಗಳನ್ನೆಲ್ಲ ಹೋದ ವಾರ ಇವರು ಮುಚ್ಚಿಬಿಟ್ಟರು. “ಮಳೆ ಬಂದ್ರೆ ಎರಚಲು ಹೊಡೀತದೆ ಮಾರಾಯ್ತಿ” ಅಂದರು. ನಾನೂ ಹೌದೆಂದು ತಲೆಯಾಡಿಸಿದೆ. ಇಬ್ಬರದೂ ಉಡುಪಿಯ ಬುದ್ಧಿ, ಈ ಅರಬರ ನಾಡಿನಲ್ಲಿ ಮಳೆ ಬರುವುದೇ ಅಪರೂಪ! ಅಂದಿನಿಂದ ಈ ಹಳೆಯ ಕಲ್ಲಿನ ಮನೆ ಒಲೆಯ ಹಾಗೆ ಕಾಯುತ್ತಿದೆ.

ಸಂಜೆ ಮನೆಯ ಮಾಲೀಕರು ನಾಸರ್ ಬಂದರು. ಅವರ ಅಪ್ಪ ಕಟ್ಟಿದ ಮನೆ ಇದು. ಮುಚ್ಚಿದ ಕಿಂಡಿಗಳ ಮೇಲೆ ಅವರ ಕಣ್ಣು ಬಿತ್ತು. ಖಾಲಿ ಮಾಡಿ ಅನ್ನುತ್ತಾರೋ ಏನೋ. ಇವರು ಹರಕು ಹಿಂದಿಯಲ್ಲಿ ಎರಚಲಿನ ವಿಷಯ ಹೇಳಿದರು. ನಾಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಾವೇ ಉಳಿ ಹಿಡಿದು ಏಣಿ ಹತ್ತಿ, ಕುಟ್ಟಿ ಕುಟ್ಟಿ ಎಲ್ಲ ಕಿಂಡಿ ತೆರೆದರು.

“ಖಲಾಸ್. ಗಾಳಿ ಒಳಗೆ ಬರಲಿ. ಮಳೆ ಬಂದರೆ ನೀವು ನಮ್ಮ ಮನೆಗೆ ಬನ್ನಿ” ಅಂದರು, ಗಡ್ಡದ ತುಂಬ ಧೂಳು.

ಹಾಸಿಗೆಯ ಮೇಲೂ ಧೂಳು. ಕೊಡವುವ ಮನಸ್ಸಿಲ್ಲ. ಬಿಸಿಯಾದರೂ ಗಾಳಿ ಗಾಳಿಯೇ. ಇವರು ಆಗಲೇ ಗೊರಕೆ ಹೊಡೆಯುತ್ತಿದ್ದಾರೆ. ಈ ಊರಿಗೆ ಬಂದ ಮೇಲೆ ಮೊದಲ ಸಲ, ಒಂದು ದೊಡ್ಡ ಮಳೆ ಬಂದೇಬಿಡಲಿ ಅನಿಸುತ್ತಿದೆ. ಎರಚಲು ಹೊಡೆಯಲಿ. ಹಾಸಿಗೆ ಸುತ್ತಿಕೊಂಡು ನಾಸರ್ ಮನೆಗೆ ಹೋದರಾಯಿತು.