ಹುಡುಗಿಯ ಕೋಟು

ಕಾರಾಕೋಲ್
ನವೆಂಬರ್ 23, 1997

ಮನೆಬಿಟ್ಟು ಓಡಿಹೋಗಿ ಊರಿಗೆಲ್ಲ ಹೆಸರಾದ ನನ್ನ ಪ್ರೀತಿಯ ಅಕ್ಕ ಜಿಪಾರ್‌ಗೆ, ಘೋರ ಅನ್ಯಾಯಕ್ಕೊಳಗಾದ ತಂಗಿ ಚಿನಾರಾ ಮಾಡುವ ನಮಸ್ಕಾರಗಳು.

ಈ ಪತ್ರದ ಜೊತೆಗೆ ತಿಲೆಕ್ ಮಾಮ ತನ್ನ ವ್ಯಾನಿನಲ್ಲಿ ಒಂದು ದೊಡ್ಡ ಗಂಟನ್ನೂ ತಂದುಕೊಟ್ಟಿರುತ್ತಾನೆ. ಅದನ್ನು ಈಗಲೇ ಬಿಚ್ಚಕೂಡದು. ಮೊದಲು ನನ್ನ ದೂರನ್ನು ಪೂರ್ತಿ ಓದಬೇಕು. ನಡುವೆ ಗಂಟಿಗೆ ಕೈಹಾಕಿದರೆ ನಿನ್ನ ಅತ್ತೆಯ ಎದುರು ನಿಲ್ಲದ ಬಿಕ್ಕಳಿಕೆ ಬರಲಿ ಎಂದು ಶಪಿಸಿಯೇ ಕಟ್ಟಿದ್ದೇನೆ.

ಇಲ್ಲಿ ಅಪ್ಪ ಕ್ಷೇಮ, ಹಸು ಕ್ಷೇಮ, ಅಮ್ಮನಂತೂ ಎಂದಿಗಿಂತ ಗಟ್ಟಿ. ಕ್ಷೇಮವಿಲ್ಲದವಳು ನಾನೊಬ್ಬಳೇ.

ಹುಟ್ಟಿದಾಗಿನಿಂದ ನಾನು ಹಾಕಿದ್ದೆಲ್ಲ ನೀನು ಬಿಟ್ಟಿದ್ದು. ನೀನು ಉದ್ದ, ನಾನು ಗಿಡ್ಡಿ. ನಿನ್ನ ಆ ಕಂದು ಕೋಟು ಹಾಕಿಕೊಂಡು ಶಾಲೆಯಲ್ಲಿ ಹಾಜರಿಗೆ ಕೈ ಎತ್ತಿದರೆ ಖಾಲಿ ತೋಳು ಮಾತ್ರ ಮೇಲೆ ಹೋಗುತ್ತಿತ್ತು, ಕೈ ಎಲ್ಲೋ ಕೆಳಗೆ ಕತ್ತಲಲ್ಲಿ ಉಳಿಯುತ್ತಿತ್ತು. ಹಾಗಾಗಿ ಕಳೆದ ತಿಂಗಳು ಒಂದು ಬೆಳಿಗ್ಗೆ ಅಮ್ಮ ಟೀ ಬಗ್ಗಿಸುತ್ತಾ, "ಹುಡುಗೀಗೆ ಈ ಸಲ ಒಂದು ಒಳ್ಳೇ ಕೋಟು ಹೊಲಿಸ್ಬೇಕು. ಅಂಗಡೀದು ಬೇಡ, ರೌಜಾ ಹತ್ರಾನೇ ಹೊಲಿಸ್ಬೇಕು" ಅಂದಾಗ ನನಗೆ ಟೀ ಮೂಗಿಗೆ ಹತ್ತಿತು. ನನ್ನ ಅಳತೆಯ ಕೋಟು! ಅಪ್ಪ ಬಟ್ಟಲಿನ ಮೇಲಿಂದ ಅಮ್ಮನನ್ನು ನೋಡಿದ. ಅಮ್ಮ ತಿರುಗಿ ನೋಡಿದಳು. ಅಪ್ಪ ಕೂಡಲೇ ಟೀಯನ್ನು ನೋಡತೊಡಗಿದ. ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ನನ್ನ ಮನಸ್ಸು ಆಗಲೇ ಕನ್ನಡಿ ಮುಂದೆ ಹೋಗಿ ನಿಂತಿತ್ತು.

ನೀನು ಹೋದ ಮೇಲೆ ಈ ಮನೆಯಲ್ಲಿ ಏನಾಯಿತೆಂದು ನಿನಗೆ ಅರ್ಧವೇ ಗೊತ್ತಿರುವುದು. ಸಿಟ್ಟು ತಣಿಸಲೆಂದು ಎರ್ಮೆಕ್ ಭಾವನ ಕಡೆಯ ಹಿರಿಯರು ಕುರಿ ಹಿಡಿದುಕೊಂಡು ಬಂದರಲ್ಲ, ಅಪ್ಪ ಅವರ ಜೊತೆ ಕೂತು ಉಂಡ. ಅಮ್ಮ ಅವರು ಹೋಗುವ ತನಕ ಕೊಟ್ಟಿಗೆಯಲ್ಲೇ ಕೂತಿದ್ದಳು. ಆಮೇಲೆ ಒಳಗೆ ಬಂದು ಕೈಯಲ್ಲಿ ರೊಟ್ಟಿ ಹಿಡಿದು ಆಣೆ ಮಾಡಿದಳು: "ಅವಳ ಹೆಸರು ಇನ್ನು ನನ್ನ ಬಾಯಲ್ಲಿ ಬರಲ್ಲ. ಈ ಮನೆ ಹೊಸಿಲು ದಾಟಿ ಒಂದೆಳೆ ದಾರಾನೂ ಅವಳಿರೋ ನಾರಿನ್‌ಗೆ ಹೋಗಲ್ಲ." ರೊಟ್ಟಿಯ ಮೇಲಿನ ಆಣೆ, ಅಳಿಸುವ ಹಾಗಿಲ್ಲ. ಅಂದಿನಿಂದ ಈ ಮನೆಯಲ್ಲಿ ಇರುವುದು ಒಬ್ಬಳೇ ಹುಡುಗಿ. ಅದು ನಾನು. ಹೀಗೆಂದು ನಾನು ನಂಬಿದ್ದೆ.

ರೌಜಾ ಅತ್ತೆ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಟೇಪು ಹಿಡಿದಳು. ಬಾಯಿ ತುಂಬ ಪಿನ್ನು. ಅಮ್ಮ ಪಕ್ಕದಲ್ಲಿ ನಿಂತು ಶುರುಮಾಡಿದಳು.

"ಭುಜ ಎರಡು ಬೆರಳು ಅಗಲ ಇಡು ರೌಜಾ. ತೋಳು ನಾಲ್ಕು ಬೆರಳು ಉದ್ದ. ಕೆಳಗಡೆ ಒಂದು ಗೇಣು."

"ಇವ್ಳಿಗೇನಾ?"

"ಹುಡುಗೀಗೆ."

"ಅಮ್ಮಾ, ನಂಗೆ ಹತ್ತೊಂಬತ್ತು," ಅಂದೆ. "ನಾನಿನ್ನು ಬೆಳೆಯಲ್ಲ. ಬೆಳೆದ್ರೂ ಅಗಲಕ್ಕೇ."

"ಹಾಗಾದ್ರೆ ಹೊಟ್ಟೆ ಹತ್ರಾನೂ ಬಿಡು ರೌಜಾ. ಧಾರಾಳವಾಗಿ ಬಿಡು. ಗುಂಡಿ ಎರಡು ಸಾಲು ಹಾಕು. ಒಳಗೆ ಒಂಟೆ ಉಣ್ಣೆ ಎರಡು ಪದರ."

"ನಮ್ಮೂರ ಚಳೀಗೆ ಒಂದು ಪದರ ಸಾಕಲ್ಲೇ," ಎಂದಳು ರೌಜಾ ಅತ್ತೆ.

"ಚಳಿ ಎಲ್ಲಾ ಕಡೆ ಒಂದೇ ಥರ ಇರತ್ತಾ?"

ಇದೆಂಥ ಉತ್ತರ ಅಂತ ನಾನು ಬಾಯಿ ತೆರೆದೆ. ರೌಜಾ ಅತ್ತೆ, "ಸುಮ್ನೆ ನಿಂತ್ಕೊಳೇ, ಪಿನ್ನು ಚುಚ್ಚತ್ತೆ" ಅಂದಳು. ಅಂದ ಮೇಲೆ ಚುಚ್ಚಿದಳು ಕೂಡ.

ಮೊದಲ ಟ್ರಯಲ್ಲಿನಲ್ಲಿ ಕೋಟು ನನ್ನನ್ನು ಹಾಕಿಕೊಂಡಿತ್ತು, ನಾನು ಕೋಟನ್ನಲ್ಲ. ಬೇಡಿಕೊಂಡೆ, ಅತ್ತುಕರೆದೆ, ಒಂದು ಹೊತ್ತು ಊಟ ಬಿಟ್ಟೆ. ಅಮ್ಮ ನನ್ನ ಪಾಲಿನ ಮಂಟಿ ಕಡುಬನ್ನು ಅಪ್ಪನಿಗೆ ಬಡಿಸಿದಳು. ಆದ್ದರಿಂದ ಎರಡನೇ ಟ್ರಯಲ್ಲಿನ ದಿನ, ಸತ್ಯ ಮತ್ತು ನ್ಯಾಯಕ್ಕಾಗಿ, ರೌಜಾ ಅತ್ತೆಯ ಒಳಕೋಣೆಯಿಂದ ಒಂದು ದಿಂಬು ತೆಗೆದು ಕೋಟಿನೊಳಗೆ ತುರುಕಿಕೊಂಡೆ. ಸೊಂಟಕ್ಕೆ ಕೈಕೊಟ್ಟು, ಮುಲುಕುತ್ತಾ, ರಾಜಗಾಂಭೀರ್ಯದಿಂದ ಹೊರಬಂದು, "ಅಮ್ಮಾ, ಈಗ ನೋಡು, ಸರಿಯಾಗಿ ತುಂಬ್ತು" ಅಂದೆ.

ರೌಜಾ ಅತ್ತೆ ನಕ್ಕ ರಭಸಕ್ಕೆ ಪಿನ್ನಿನ ಡಬ್ಬಿ ಉರುಳಿತು. ಅಮ್ಮ ನಗಲಿಲ್ಲ. ಬೈಯಲೂ ಇಲ್ಲ. ಹತ್ತಿರ ಬಂದು ದಿಂಬಿನ ಮೇಲೆ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಅಂಗೈಯನ್ನು ಅದರ ಮೇಲೆ ಇಟ್ಟು ಸ್ವಲ್ಪ ಹೊತ್ತು ನಿಂತಳು. "ಇನ್ನೂ ಎರಡು ಬೆರಳು ಬಿಡು ರೌಜಾ" ಅಂದವಳೇ ಅಂಗಳಕ್ಕೆ ಹೋಗಿ ನಮಗೆ ಬೆನ್ನುಹಾಕಿ ನಿಂತುಬಿಟ್ಟಳು.

ನನಗೆ ಉರಿದುಹೋಯಿತು ಅಕ್ಕ. ತಮಾಷೆಗೂ ಬಗ್ಗದ ತಾಯಿಯನ್ನು ಇನ್ನು ಹೇಗೆ ಬಗ್ಗಿಸುವುದು? ಮರುದಿನ ಒಬ್ಬಳೇ ಹೋಗಿ, "ಅಮ್ಮ ಮನಸ್ಸು ಬದಲಾಯಿಸಿದಾಳೆ. ನನ್ನ ಅಳತೆಗೇ ಹೊಲೀಬೇಕಂತೆ" ಎಂದೆ.

ರೌಜಾ ಅತ್ತೆ ಕನ್ನಡಕದ ಮೇಲಿಂದ ನೋಡಿದಳು. "ಅವಳೇ ಹೇಳಿದ್ಲಾ? ಹುಡುಗೀಗೆ ಬೇಡ್ವಂತಾ?"

"ಹುಡುಗೀನೇ ನಾನಲ್ವಾ ಅತ್ತೆ!"

"ಅಯ್ಯೋ, ಕೊನೆಗೂ ಕಲ್ಲಾದ್ಲಲ್ಲ ಆ ತಾಯಿ," ಎಂದು ನಿಟ್ಟುಸಿರುಬಿಟ್ಟು ಸೀಮೆಸುಣ್ಣ ಕೈಗೆತ್ತಿಕೊಂಡಳು. ಅಮ್ಮನ ಮೇಲೆ ಸಿಟ್ಟಿನಲ್ಲಿದ್ದ ನನಗೆ ಆ ಮಾತು ಹಿತವಾಗಿಯೇ ಕೇಳಿಸಿತು.

ಮೊನ್ನೆ ಶುಕ್ರವಾರ ಕೋಟು ಮುಗಿದಿತ್ತು. ಕಡುನೀಲಿ ಬಟ್ಟೆ, ಕುರಿಮರಿ ತುಪ್ಪಳದ ಕೊರಳಪಟ್ಟಿ. ಹಾಕಿಕೊಂಡು ಕನ್ನಡಿ ನೋಡಿದರೆ ನನಗೆ ಸೊಂಟ ಇದೆ ಅಕ್ಕ! ಕೈಗಳು ಇವೆ! ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಅಮ್ಮ ಬಂದಳು.

"ಇದೇನು ರೌಜಾ?"

"ನೀನೇ ಹೇಳಿ ಕಳಿಸಿದ್ಯಂತಲ್ಲ."

ಅಮ್ಮ ನನ್ನನ್ನು ಒಂದು ಸುತ್ತು ತಿರುಗಿಸಿದಳು. ತೋಳು ಎಳೆದಳು. ಭುಜ ಸವರಿದಳು.

"ಚೆನ್ನಾಗಿದೆ ಅಲ್ವಾಮ್ಮ?"

"ಚೆನ್ನಾಗಿದೆ. ಆದ್ರೆ ಹುಡುಗೀಗೆ ಆಗಲ್ಲ."

"ಅಮ್ಮಾ, ಹುಡುಗಿ ಇದರೊಳಗೇ ನಿಂತಿದಾಳೆ!"

"ನೀನು ಚಿನಾರಾ ಕಣೇ," ಅಂದಳು ಅಮ್ಮ.

ಒಂದು ಗೇಣು ಉದ್ದ, ಎರಡು ಪದರ ಒಂಟೆ ಉಣ್ಣೆ, ದಿಂಬಿನ ಮೇಲಿನ ಅಂಗೈ, ಎಲ್ಲ ಒಟ್ಟಿಗೆ ಬಂದು ನನ್ನ ತಲೆಗೆ ಬಡಿದವು. ನಾನು ದೊಡ್ಡ ಮನಸ್ಸಿನಿಂದ ಕೂಡಲೇ ಕೋಟು ಬಿಚ್ಚಿಕೊಟ್ಟೆ ಎಂದು ಬರೆದರೆ ನೀನು ನಂಬುವುದಿಲ್ಲ. ಬಿಚ್ಚಲಿಲ್ಲ. ಬೆವರು ಇಳಿಯುವವರೆಗೂ ಅದರೊಳಗೇ ನಿಂತಿದ್ದೆ.

"ಮೊದ್ಲೇ ಹೇಳಬಾರದಿತ್ತಾ?"

"ಹೇಗೆ ಹೇಳಲಿ? ಹೆಸರು ಎತ್ತಲ್ಲ ಅಂತ ರೊಟ್ಟಿ ಹಿಡಿದಿದೀನಿ."

"ಹೊಸಿಲು ದಾಟಿ ಒಂದೆಳೆ ದಾರಾನೂ ಹೋಗಲ್ಲ ಅಂದಿದ್ದೆ. ಅದು?"

"ಇದು ನಮ್ಮ ಹೊಸಿಲೊಳಗೆ ಬಂದೇ ಇಲ್ವಲ್ಲ," ಎಂದಳು ಅಮ್ಮ, ಮುಖ ಚೂರೂ ಅಲುಗಿಸದೆ. "ಇಲ್ಲಿಂದಾನೇ ತಿಲೆಕ್ ವ್ಯಾನಿಗೆ ಹೋಗತ್ತೆ."

ನನ್ನ ಕಿಡಿಗೇಡಿತನ ಅಪ್ಪನ ಕಡೆಯಿಂದ ಬಂದದ್ದು ಎಂದು ಈ ಮನೆಯಲ್ಲಿ ಇಷ್ಟು ದಿನ ಹೇಳಿಕೊಂಡು ಬಂದಿದ್ದಾರೆ. ಸುಳ್ಳು.

ರೌಜಾ ಅತ್ತೆ ಬಟ್ಟೆ ಕತ್ತರಿಸಿರಲಿಲ್ಲ, ಹೆಚ್ಚಿದ್ದನ್ನು ಒಳಗೆ ಮಡಿಚಿ ಹೊಲಿದಿದ್ದಳು. ಹಾಗಾಗಿ ನೀನು ಬದುಕಿದೆ. ಹೊಲಿಗೆ ಬಿಚ್ಚುವ ಶಿಕ್ಷೆ ಮಾತ್ರ ನನಗೇ ಬಿತ್ತು. ಬಿಚ್ಚಿ ಬಿಚ್ಚಿ ಬೆರಳ ತುದಿ ಕೆಂಪಾಗಿದೆ. ಅದು ಮುಗಿದ ಮೇಲೆ ನಿನ್ನ ಬದಲಿಗೆ ಮರದ ಬೊಂಬೆಯ ಹಾಗೆ ಮತ್ತೆ ಸ್ಟೂಲು ಹತ್ತಿದೆ. ಈ ಸಲ ದಿಂಬನ್ನು ಅಮ್ಮನೇ ತಂದುಕೊಟ್ಟಳು.

ನನ್ನ ಕೋಟು? "ಮುಂದಿನ ವರ್ಷ ನೋಡೋಣ." ಸದ್ಯಕ್ಕೆ ನಿನ್ನ ಕಂದು ಕೋಟಿಗೇ ಮರಳಿದ್ದೇನೆ. ಈ ಪತ್ರ ಬರೆಯುವಾಗಲೂ ಅದರ ತೋಳು ಶಾಯಿಯಲ್ಲಿ ಅದ್ದುತ್ತಿದೆ, ಕಲೆಗಳಿಗೆ ನೀನೇ ಹೊಣೆ. ಇಷ್ಟು ವರ್ಷ ನಿನ್ನದನ್ನು ನಾನು ಹಾಕಿದೆ. ಈಗ ಒಂದು ಮಧ್ಯಾಹ್ನದ ಮಟ್ಟಿಗೆ ನನ್ನದಾಗಿದ್ದನ್ನು ನೀನು ಹಾಕಿಕೋ. ಭುಜ ಸರಿಯಾಗಿ ಕೂರದಿದ್ದರೆ ನನಗೆ ಬರೆಯಬೇಡ, ನಾನು ಇನ್ನು ಆ ಸ್ಟೂಲು ಹತ್ತುವುದಿಲ್ಲ. ನೇರ ಅಮ್ಮನಿಗೇ ಬರೆ.

ಗಂಟು ಈಗ ಬಿಚ್ಚಬಹುದು.

ಇಂತಿ, ಸೊಂಟ ಕಂಡು ಕಳೆದುಕೊಂಡ ನಿನ್ನ ತಂಗಿ,
(ಹುಡುಗಿಯಲ್ಲದ) ಚಿನಾರಾ

ವಿ.ಸೂ.: ಒಳಜೇಬಿನಲ್ಲಿ ಕುರುತ್ ಇದೆ, ಸಂತೆಯಲ್ಲಿ ಸಿಗುವ ಅತಿ ಹುಳಿಯ ಒಣಮೊಸರಿನ ಉಂಡೆಗಳು. ನಾನಿಟ್ಟದ್ದಲ್ಲ. ಕೋಟಿನ ಮಾತು ಬರುವ ಹಿಂದಿನ ದಿನ ತಿಲೆಕ್ ಮಾಮ ನಮ್ಮಲ್ಲಿ ಟೀ ಕುಡಿಯುತ್ತಾ, "ನಾರಿನ್‌ನಲ್ಲಿ ನಿಮ್ಮವಳಿಗೆ ಊಟಾನೇ ಸೇರ್ತಿಲ್ಲ, ಬರೀ ಕುರುತ್ ಚೀಪ್ತಾ ಕೂತಿರ್ತಾಳೆ" ಅಂದಿದ್ದ. ಅಮ್ಮ ಕೇಳಿಸದವಳ ಹಾಗೆ ಒಲೆ ಕೆದಕುತ್ತಿದ್ದಳು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೀಯಲ್ಲ ನೀನು, ಪಾಪ. ಈಗ ತಾನೇ ಅಮ್ಮ ಊಟದ ನಡುವೆ ನನ್ನ ಕಾಗದದ ಕಡೆ ಗದ್ದ ತೋರಿಸಿ, "ಗುಂಡಿ ಬಿಗಿಯಾದ್ರೆ ಎಳೆದು ಹಾಕ್ಬೇಡ, ಎರಡನೇ ಸಾಲಿಗೆ ಹಾಕ್ಕೋ ಅಂತ ಜಿಪಾರ್‌ಗೆ ಬರಿ" ಅಂದಳು. ನಾನು "ಯಾರಿಗೆ?" ಎಂದೆ. "ಕಿವಿ ಕೇಳಲ್ವಾ ನಿಂಗೆ?" ಅಂತ ಗದರಿದಳು. ಆಗ ಅವಳ ಬಾಯಿ ತುಂಬ ರೊಟ್ಟಿ ಇತ್ತು.